ವಿಮಾನ ಕೆಳಗೆ ಇಳಿದ ಮೇಲೆ ಎಂತ ಕೆಲಸ?



ಈ ವರ್ಷ ಮಳೆ ಬಿಡದೆ ಹೊಡೆದದ್ದು ನಿಮಗೆಲ್ಲ ಗೊತ್ತುಂಟು. ಮೈದಾನಕ್ಕೆ ಕಾಲಿಟ್ಟರೆ ಕೆಸರು. ಆದ್ದರಿಂದ ಏಳನೆಯ ತರಗತಿಯ ಹುಡುಗರಾದ ನಾವು ಮಧ್ಯಾಹ್ನ ಊಟ ಆದ ಮೇಲೆ ಕ್ಲಾಸಿನೊಳಗೇ ಒಂದು ಯುದ್ಧದಾಟ ಶುರು ಮಾಡಿದೆವು. ಚೌಕುಳಿ ಇರುವ ಲೆಕ್ಕದ ಪುಸ್ತಕದ ನಡುವಿನ ಎರಡು ಹಾಳೆಯೇ ಭೂಪಟ. ಒಂದು ಕಡೆ ನೇತ್ರಾವತಿ ದೇಶ, ಇನ್ನೊಂದು ಕಡೆ ಕುಮಾರಧಾರಾ ದೇಶ. (ನಿಜವಾದ ನದಿಗಳು ಉಪ್ಪಿನಂಗಡಿಯಲ್ಲಿ ಸೇರುತ್ತವೆ, ನಮ್ಮ ದೇಶಗಳು ಮಾತ್ರ ಸೇರುವುದಿಲ್ಲ.) ಪ್ರತಿಯೊಬ್ಬನಿಗೂ 100 ರೂಪಾಯಿ. ರನ್‌ವೇಗೆ 20, ರಿಪೇರಿ ಶೆಡ್ಡಿಗೆ 15, ವಿಮಾನಕ್ಕೆ 10, ಟ್ಯಾಂಕಿಗೆ 5. ವಿಮಾನ 6 ಚೌಕ ಹೋಗಿ ಬಾಂಬು ಹಾಕಿ ವಾಪಸು ಬರಬೇಕು. ಶೆಡ್ಡು ಇದ್ದರೆ ಮುಂದಿನ ಸರದಿಗೇ ಮತ್ತೆ ಹಾರಬಹುದು. ಇಲ್ಲದಿದ್ದರೆ ಮೂರು ಸರದಿ ಸುಮ್ಮನೆ ಕೂರಬೇಕು.

ನಾನು ಒಂದು ರನ್‌ವೇ ತೆಗೆದು ಉಳಿದ ಎಲ್ಲ ಹಣಕ್ಕೆ ವಿಮಾನವೇ ತೆಗೆದುಕೊಂಡೆ. ಎಂಟು ವಿಮಾನ! ನನ್ನ ಎದುರಾಳಿ ಎರಡು ರನ್‌ವೇ, ಒಂದು ಶೆಡ್ಡು, ನಾಲ್ಕೇ ವಿಮಾನ, ಒಂದು ಟ್ಯಾಂಕು ತೆಗೆದುಕೊಂಡ. ನನಗೆ ನಗು ಬಂತು. ಆದರೆ ಐದನೆಯ ಸರದಿಯಲ್ಲಿ ನನ್ನ ಎಂಟೂ ವಿಮಾನಗಳು ನೆಲದಲ್ಲಿ ಕೂತಿದ್ದಾಗ ಅವನು ನನ್ನ ಒಂದೇ ಒಂದು ರನ್‌ವೇಗೆ ಬಾಂಬು ಹಾಕಿದ. ಅಲ್ಲಿಗೆ ಮುಗಿಯಿತು. ವಿಮಾನ ಉಂಟು, ಹಾರ್ಲಿಕ್ಕೆ ಜಾಗ ಇಲ್ಲ. ಎಲ್ಲರೂ ಬೊಬ್ಬೆ ಹಾಕಿದರು. ಅವನು, "ನಿನ್ನ ಅಣ್ಣ ಪೈಲಟ್ ಅಲ್ವಾ ಮಾರಾಯ, ನಿನಗೆ ಇಷ್ಟೂ ಗೊತ್ತಿಲ್ವಾ?" ಎಂದ. ನಾನು ಎಂತದೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ಆಮೇಲೆ ಬರೆಯುತ್ತೇನೆ.

ಆ ದಿನದಿಂದ ನನಗೆ ಒಂದು ಪ್ರಶ್ನೆ ಹಿಡಿಯಿತು. ಆಟದಲ್ಲಿ ನಾವೇ ನಿಯಮ ಮಾಡಿದ್ದು. ನಿಜವಾದ ವಾಯುಪಡೆಯಲ್ಲಿಯೂ ಹೀಗೆಯೇ ಉಂಟಾ? ವಿಜ್ಞಾನದ ಟೀಚರ್ ಕೊಟ್ಟ ಪುಸ್ತಕಗಳಲ್ಲಿ ಓದಿದ್ದು, ಕಳೆದ ಡಿಸೆಂಬರಿನ ಶಾಲಾ ಪ್ರವಾಸದಲ್ಲಿ ನೋಡಿದ್ದು, ಅಣ್ಣನನ್ನು ಕೇಳಿ ತಿಳಿದದ್ದು ಎಲ್ಲವನ್ನೂ ಸೇರಿಸಿ ಇದನ್ನು ಬರೆದಿದ್ದೇನೆ. ಅಣ್ಣ ಎಂದರೆ ನನ್ನ ದೊಡ್ಡಮ್ಮನ ಮಗ. ವಾಯುಪಡೆಯಲ್ಲಿ ಇದ್ದಾನೆ. ಚೌತಿಗೆ ರಜೆಯಲ್ಲಿ ಬಂದಿದ್ದ.

ಮೊದಲು ನಮ್ಮ ಊರಿನ ಉದಾಹರಣೆ ಹೇಳುತ್ತೇನೆ. ಅಡಿಕೆಗೆ ಮದ್ದು ಬಿಡುವುದನ್ನು ಎಲ್ಲರೂ ನೋಡಿದ್ದೀರಿ. ಮೇಲೆ ಮರದ ತುದಿಯಲ್ಲಿ ಒಬ್ಬರು ಇರುತ್ತಾರೆ, ನಾವು ಕತ್ತು ಎತ್ತಿ ಅವರನ್ನೇ ನೋಡುತ್ತೇವೆ. ಆದರೆ ಕೆಳಗೆ ಎಷ್ಟು ಕೆಲಸ! 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಸರಿಯಾಗಿ ಕರಗಿಸಬೇಕು. ಸುಣ್ಣ ಸೋಸದಿದ್ದರೆ ಪೈಪಿನ ತುದಿ ಕಟ್ಟುತ್ತದೆ. ಪಂಪು ನೋಡಬೇಕು. ಪೈಪು ಮರಕ್ಕೆ ಸುತ್ತಿಕೊಳ್ಳದ ಹಾಗೆ ಎಳೆದು ಕೊಡಬೇಕು. ನಮ್ಮ ತೋಟದಲ್ಲಿ ಆ ಪೈಪು ಎಳೆಯುವ ಕೆಲಸ ನನಗೆ. ಒಮ್ಮೆ ನಾನು ಬೇರೆ ಎಲ್ಲಿಯೋ ನೋಡುತ್ತಾ ಪೈಪು ಬಿಡಲಿಲ್ಲ. ಮೇಲಿದ್ದವರು ಜಾರಿ ಬೀಳುವುದರಲ್ಲಿದ್ದರು. ಅಪ್ಪ ನನಗೆ ಬೈದದ್ದು ಇಡೀ ತೋಟಕ್ಕೆ ಕೇಳಿದೆ.

ವಿಮಾನದ್ದೂ ಇದೇ ಕತೆ. ಮೇಲೆ ಒಬ್ಬ ಅಥವಾ ಇಬ್ಬರು, ಕೆಳಗೆ ತುಂಬ ಜನ. ಆ ಕೆಳಗಿನ ಜಾಗಕ್ಕೆ ವಾಯುನೆಲೆ ಎಂದು ಹೆಸರು. ರನ್‌ವೇ ಮಾತ್ರ ಇದ್ದರೆ ಅದು ನೆಲೆ ಆಗುವುದಿಲ್ಲ. ಪೆಟ್ರೋಲ್ ಬಂಕಿನಂತೆ ಇಂಧನದ ಟ್ಯಾಂಕುಗಳು, ರಿಪೇರಿಯ ದೊಡ್ಡ ಶೆಡ್ಡುಗಳು (ಇವಕ್ಕೆ ಹ್ಯಾಂಗರ್ ಎನ್ನುತ್ತಾರೆ), ಮದ್ದುಗುಂಡು ಇಡುವ ದೂರದ ಕಟ್ಟಡಗಳು, ಹವಾಮಾನ ನೋಡುವವರು, ರೇಡಾರು, ಬೆಂಕಿ ಆರಿಸುವ ಗಾಡಿ, ಆಸ್ಪತ್ರೆ, ಅಡುಗೆಮನೆ ಎಲ್ಲ ಬೇಕು. ಅಣ್ಣ ಹೇಳುವ ಪ್ರಕಾರ ಹಕ್ಕಿ ಓಡಿಸುವವರೂ ಬೇಕು. ನಮಗೆ ತೋಟದಲ್ಲಿ ಮಂಗನ ಕಾಟ ಇದ್ದ ಹಾಗೆ ಅವರಿಗೆ ಗಿಡುಗನ ಕಾಟ. ಎಂಜಿನಿಗೆ ಒಂದು ಗಿಡುಗ ಹೊಕ್ಕರೆ ಸಾಕು.

ಈಗ ಒಂದು ಯುದ್ಧವಿಮಾನ ಹಾರಿ ಬಂದು ಇಳಿಯಿತು ಎಂದು ಇಟ್ಟುಕೊಳ್ಳಿ. ನಿಂತ ಕೂಡಲೇ ಚಕ್ರಕ್ಕೆ ಅಡ್ಡ ಇಡುತ್ತಾರೆ, ನಾವು ಲಾರಿಗೆ ಕಲ್ಲು ಇಡುವ ಹಾಗೆ. ಆಮೇಲೆ ವಿಮಾನದಿಂದ ನೆಲಕ್ಕೆ ಒಂದು ತಂತಿ ಸಿಕ್ಕಿಸುತ್ತಾರೆ. ಯಾಕೆಂದರೆ ಇಂಧನ ಪೈಪಿನಲ್ಲಿ ಜೋರಾಗಿ ಹರಿಯುವಾಗ ಸ್ಥಿರವಿದ್ಯುತ್ ಹುಟ್ಟುತ್ತದೆ. (ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತಿದ ಪ್ರಯೋಗ ನೆನಪು ಮಾಡಿಕೊಳ್ಳಿ.) ಒಂದು ಕಿಡಿ ಹಾರಿದರೆ ಎಲ್ಲ ಭಸ್ಮ. ತಂತಿ ಇದ್ದರೆ ಆ ವಿದ್ಯುತ್ತು ನೆಲಕ್ಕೆ ಹೋಗುತ್ತದೆ. ಟಯರು ನೋಡುತ್ತಾರೆ. ವಿಮಾನದ ಟಯರಿಗೆ ನಮ್ಮ ಸೈಕಲಿನಂತೆ ಬರೀ ಗಾಳಿ ಹಾಕುವುದಿಲ್ಲ, ನೈಟ್ರೋಜನ್ ಹಾಕುತ್ತಾರೆ. ಇಳಿಯುವಾಗ ಟಯರು ತುಂಬಾ ಬಿಸಿಯಾಗುತ್ತದೆ, ಆಮ್ಲಜನಕ ಇದ್ದರೆ ಅಪಾಯ. ಎಣ್ಣೆ ನೋಡುತ್ತಾರೆ, ಪೈಲಟ್ ಉಸಿರಾಡುವ ಆಮ್ಲಜನಕ ತುಂಬಿಸುತ್ತಾರೆ, ಎಂಜಿನಿನ ಬಾಯಿಗೆ ಟಾರ್ಚ್ ಬಿಟ್ಟು ಒಂದೊಂದೇ ಬ್ಲೇಡ್ ನೋಡುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಆದದ್ದು ಉಪಕರಣದ ಹಲಗೆಯ ವಿಷಯ. ಒಂದು ಹಲಗೆಯ ಮೇಲೆ ಪ್ರತಿ ಸ್ಪಾನರಿನ, ಪ್ರತಿ ಸ್ಕ್ರೂಡ್ರೈವರಿನ ಆಕಾರ ಬರೆದಿರುತ್ತದೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಅದರದರ ಆಕಾರದ ಮೇಲೆಯೇ ಇಡಬೇಕು. ಒಂದು ಖಾಲಿ ಕಂಡರೆ ಅದು ಸಿಗುವ ತನಕ ವಿಮಾನ ಹಾರುವ ಹಾಗಿಲ್ಲ. ವಿಮಾನದ ಒಳಗೆ ಎಲ್ಲಿಯಾದರೂ ಬಿದ್ದಿದ್ದರೆ? ನನ್ನ ಕಂಪಾಸು ಪೆಟ್ಟಿಗೆಗೆ ಈ ನಿಯಮ ಮಾಡಿದ್ದರೆ ನಾನು ಶಾಲೆಗೆ ಬರುವುದೇ ಇಲ್ಲ, ಕೈವಾರ ಕಳೆದು ಎರಡು ತಿಂಗಳಾಯಿತು.

ಇನ್ನೊಂದು ಉಂಟು. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ತಲೆ ತಗ್ಗಿಸಿ ವಿಮಾನ ನಿಲ್ಲುವ ಜಾಗದಲ್ಲಿ ನಡೆಯುತ್ತಾರೆ. ಸಣ್ಣ ಕಲ್ಲು, ಮೊಳೆ, ತಂತಿಯ ಚೂರು ಏನು ಸಿಕ್ಕಿದರೂ ಹೆಕ್ಕಬೇಕು. ಜೆಟ್ ಎಂಜಿನ್ ಗಾಳಿಯನ್ನು ಎಷ್ಟು ಜೋರಾಗಿ ಎಳೆಯುತ್ತದೆ ಎಂದರೆ ನೆಲದ ಕಲ್ಲು ಕೂಡ ಒಳಗೆ ಹೋಗಿ ಬ್ಲೇಡ್ ಮುರಿಯಬಹುದು. ನಾವು ಪ್ರಾರ್ಥನೆಗೆ ಮೊದಲು ಅಂಗಳದ ಕಾಗದ ಹೆಕ್ಕುವುದು ಇದೇ ರೀತಿ. ನಾವು ಹೆಕ್ಕದಿದ್ದರೆ ಪಿ.ಟಿ. ಸರ್ ಬೈಯುತ್ತಾರೆ ಅಷ್ಟೇ. ಅಲ್ಲಿ ಒಬ್ಬ ಮನುಷ್ಯನ ಜೀವ ಹೋಗಬಹುದು.

ಎಲ್ಲ ಮುಗಿದ ಮೇಲೆ ಒಂದು ಪುಸ್ತಕ. ಇಂಧನ ಹಾಕಿದವನು, ಟಯರು ನೋಡಿದವನು, ಎಂಜಿನ್ ನೋಡಿದವನು ಪ್ರತಿಯೊಬ್ಬನೂ ಅದರಲ್ಲಿ ರುಜು ಹಾಕಬೇಕು. ಕೊನೆಗೆ ಪೈಲಟ್ ಅದನ್ನು ಓದಿ ತಾನೂ ರುಜು ಹಾಕಿದ ಮೇಲೆಯೇ ವಿಮಾನ ಹತ್ತುವುದು.

ಇನ್ನು ಸ್ವಲ್ಪ ಲೆಕ್ಕ. ವಿಮಾನ 1 ಗಂಟೆ ಹಾರುತ್ತದೆ, ನೆಲದ ಕೆಲಸಕ್ಕೆ 3 ಗಂಟೆ ಬೇಕು ಎಂದಾದರೆ 12 ಗಂಟೆಯ ಹಗಲಿನಲ್ಲಿ ಅದು 3 ಸಲ ಹಾರಬಹುದು. ನೆಲದವರು ಚುರುಕಾಗಿ ಅದೇ ಕೆಲಸವನ್ನು 1 ಗಂಟೆಯಲ್ಲಿ ಮಾಡಿದರೆ 6 ಸಲ ಹಾರಬಹುದು. ಅಂದರೆ 10 ವಿಮಾನ ಇರುವವನು 20 ವಿಮಾನ ಇದ್ದವನಿಗೆ ಸಮ. ನನ್ನ ಎದುರಾಳಿ ನಾಲ್ಕು ವಿಮಾನದಲ್ಲಿ ನನ್ನ ಎಂಟನ್ನು ಸೋಲಿಸಿದ್ದು ಹೀಗೆ. ಈ ಲೆಕ್ಕ ನನಗೆ ಆಟದ ಮೊದಲೇ ಹೊಳೆಯಬೇಕಿತ್ತು.

ದಿನದ ಕೆಲಸ ಇದಾದರೆ ದೊಡ್ಡ ರಿಪೇರಿ ಬೇರೆ. ನಮ್ಮ ಬಸ್ಸು ದಿನಾ ಸಂಜೆ ಡಿಪೋಗೆ ಹೋಗಿ ಡೀಸೆಲ್ ಹಾಕಿ ತೊಳೆದು ಬರುತ್ತದೆ. ಇಷ್ಟು ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ಇಳಿಸಿ ಬಿಚ್ಚುತ್ತಾರೆ. ವಿಮಾನಕ್ಕೆ ಕಿಲೋಮೀಟರಿನ ಬದಲು ಹಾರಿದ ಗಂಟೆ ಲೆಕ್ಕ. ಇಷ್ಟು ಗಂಟೆ ಆದ ಮೇಲೆ ಎಂಜಿನ್ ಪೂರಾ ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿ, ಪರೀಕ್ಷೆ ಮಾಡಿ ಕೊಡಬೇಕು. ಅದಕ್ಕೂ ಡಿಪೋ ಎಂದೇ ಹೆಸರು. ಅಂತಹ ಒಂದು ದೊಡ್ಡ ಡಿಪೋ ನಮ್ಮ ಬೆಂಗಳೂರಿನಲ್ಲಿಯೇ ಇತ್ತು ಎಂದು ಓದಿದಾಗ ನನಗೆ ಆಶ್ಚರ್ಯ ಆಯಿತು.

1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಕಾರ್ಖಾನೆ ಶುರು ಮಾಡಿದರು. ಆಗ ಎರಡನೆಯ ಮಹಾಯುದ್ಧ. ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರು. ಕಾರ್ಖಾನೆಯ ಉದ್ದೇಶ ವಿಮಾನ ಕಟ್ಟುವುದು, 1941ರಲ್ಲಿ ಒಂದು ತರಬೇತಿ ವಿಮಾನ ಕಟ್ಟಿಯೂ ಕಟ್ಟಿದರು. ಆದರೆ ಜಪಾನಿನವರು ಬರ್ಮಾವನ್ನು ಹಿಡಿದರು, 1942ರ ಏಪ್ರಿಲಿನಲ್ಲಿ ವಿಶಾಖಪಟ್ಟಣಕ್ಕೂ ಕಾಕಿನಾಡಕ್ಕೂ ಬಾಂಬು ಹಾಕಿದರು. ಆಗ ಹೊಸ ವಿಮಾನಕ್ಕಿಂತ ಇದ್ದ ವಿಮಾನಗಳನ್ನು ಸರಿಯಾಗಿ ಇಡುವುದೇ ಅವಸರದ ಕೆಲಸ ಆಯಿತು. 1943ರಲ್ಲಿ ಈ ಕಾರ್ಖಾನೆಯನ್ನು ಅಮೆರಿಕದ ಸೇನೆಯ ವಾಯುಪಡೆಗೆ ವಹಿಸಿದರು. ಅದು 84ನೇ ಏರ್ ಡಿಪೋ ಆಯಿತು.

ಯುದ್ಧ ನಡೆಯುವುದು ಅಸ್ಸಾಮಿನ ಆಚೆ, ಡಿಪೋ ಇರುವುದು ಬೆಂಗಳೂರಿನಲ್ಲಿ! ಇಷ್ಟು ದೂರ ಯಾಕೆ? ದೂರ ಇದ್ದದ್ದೇ ಲಾಭ. ಜಪಾನಿನ ವಿಮಾನಗಳಿಗೆ ಅಲ್ಲಿಗೆ ತಲುಪಿ ವಾಪಸು ಹೋಗಲು ಇಂಧನ ಸಾಲದು. ನಮ್ಮ ಆಟದ 6 ಚೌಕದ ನಿಯಮ ಇದೇ ಅಲ್ವಾ! ಆ ಕಾಲದಲ್ಲಿ ಅಮೆರಿಕದವರು ಅಸ್ಸಾಮಿನಿಂದ ಹಿಮಾಲಯದ ಬೆಟ್ಟಗಳ ಮೇಲೆ ಹಾರಿ ಚೀನಾಕ್ಕೆ ಸಾಮಾನು ಸಾಗಿಸುತ್ತಿದ್ದರು. ಆ ದಾರಿಗೆ ಹಂಪ್, ಅಂದರೆ ಗೂನು, ಎಂದು ಹೆಸರು. ಅಂತಹ ಹಾರಾಟದಲ್ಲಿ ಎಂಜಿನುಗಳು ಬೇಗ ಸವೆಯುತ್ತವೆ. ಸವೆದ ಎಂಜಿನುಗಳನ್ನು ಬಿಚ್ಚಿ ಜೋಡಿಸುವ ಕೆಲಸ ಬೆಂಗಳೂರಿನಲ್ಲಿ ನಡೆಯುತ್ತಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ಎಂಬ ವಿಮಾನಗಳು ರಿಪೇರಿಗೆ ಬಂದಾಗ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಕೆರೆಯಲ್ಲಿ ವಿಮಾನ! ಸಾವಿರಾರು ಭಾರತೀಯ ಕೆಲಸಗಾರರು ಅಲ್ಲಿ ದುಡಿದರು.

ಯುದ್ಧ ಮುಗಿದ ಮೇಲಿನ ಕತೆ ಇನ್ನೂ ಗಮ್ಮತ್ತು. ಲಿಬರೇಟರ್ ಎಂಬ ನಾಲ್ಕು ಎಂಜಿನಿನ ದೊಡ್ಡ ಬಾಂಬರ್ ವಿಮಾನಗಳನ್ನು ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟು ಹೋದರು. ಸುಮ್ಮನೆ ಬಿಡಲಿಲ್ಲ, ಯಾರಿಗೂ ಉಪಯೋಗ ಆಗಬಾರದೆಂದು ಬೇಕೆಂದೇ ಹಾಳು ಮಾಡಿ ಗುಜರಿಗೆ ಹಾಕಿದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಹತ್ತಿರ ದೊಡ್ಡ ಬಾಂಬರ್ ಇರಲಿಲ್ಲ. ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟಿನ ಜನ ಕಾನ್ಪುರಕ್ಕೆ ಹೋಗಿ ಆ ಗುಜರಿಯ ರಾಶಿಯಿಂದ ಒಂದೊಂದೇ ವಿಮಾನವನ್ನು ಹಾರುವಷ್ಟು ಮಾತ್ರ ಸರಿ ಮಾಡಿದರು. ಜಮ್ಷೆಡ್ ಮುನ್ಷಿ ಎಂಬ ಪೈಲಟ್ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರಾ ರಿಪೇರಿ. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯಿತು. ಹೀಗೆ ಸುಮಾರು 40 ವಿಮಾನಗಳು ಎದ್ದು ಬಂದವು, ಸುಮಾರು 20 ವರ್ಷ ಹಾರಿದವು. ಮುನ್ಷಿಯವರ ಹೆಸರು ಪುಸ್ತಕದಲ್ಲಿ ಉಂಟು, ಅವರ ಧೈರ್ಯ ದೊಡ್ಡದೇ. ಗುಜರಿಯಲ್ಲಿ ಕೂತು ನಟ್ಟು ಬೋಲ್ಟು ಬಿಚ್ಚಿದವರ ಹೆಸರು ನಾನು ಹುಡುಕಿದೆ, ನನಗೆ ಸಿಗಲಿಲ್ಲ.

ಈ ಕಾರ್ಖಾನೆಯೇ 1964ರಿಂದ ಎಚ್.ಎ.ಎಲ್. ಪ್ರವಾಸದಲ್ಲಿ ನಾವು ಅಲ್ಲಿನ ವಸ್ತು ಸಂಗ್ರಹಾಲಯಕ್ಕೆ ಹೋಗಿದ್ದೆವು, ನೆನಪಿದೆಯಾ? ನಾವೆಲ್ಲ ಹೊರಗಿನ ಮಾರುತ್ ವಿಮಾನದ ಎದುರು ಫೋಟೋ ತೆಗೆಸಿಕೊಳ್ಳಲು ಓಡಿದೆವು. ಎಂಜಿನುಗಳು ಇರುವ ಕೋಣೆಯಲ್ಲಿ ಐದು ನಿಮಿಷವೂ ನಿಲ್ಲಲಿಲ್ಲ. ಈಗ ಹೋದರೆ ನಾನು ಅಲ್ಲಿಯೇ ನಿಲ್ಲುತ್ತೇನೆ.

ಈಗ ನಮ್ಮ ರಾಜ್ಯದಲ್ಲಿ ಬೀದರಿನಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವ ವಾಯುನೆಲೆ ಉಂಟು. ಯಲಹಂಕದ ನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ಎಂಬ ಪ್ರದರ್ಶನ ನಡೆಯುತ್ತಾ ಬಂದಿದೆ. ಜಾಲಹಳ್ಳಿಯಲ್ಲಿ 1949ರಿಂದ ವಾಯುಪಡೆಯ ತಾಂತ್ರಿಕ ಕಾಲೇಜು, ಎಂಜಿನಿಯರ್ ಅಧಿಕಾರಿಗಳು ಕಲಿಯುವುದು ಅಲ್ಲಿ. ಕಾರವಾರದ ಕದಂಬ ನೌಕಾನೆಲೆಗೆ ವಿಕ್ರಮಾದಿತ್ಯ ಎಂಬ ಹಡಗು ಬರುತ್ತದೆ, ಅದು ಸಮುದ್ರದಲ್ಲಿ ತೇಲುವ ವಾಯುನೆಲೆ. ನಮಗೆ ಹತ್ತಿರದ ಬಜ್ಪೆ ವಾಯುಪಡೆಯದ್ದಲ್ಲ, ಅದು ಜನರು ಹೋಗಿ ಬರುವ ನಿಲ್ದಾಣ. 1951ರ ಡಿಸೆಂಬರ್ 25ರಂದು ನೆಹರೂರವರು ಡಕೋಟಾ ವಿಮಾನದಲ್ಲಿ ಬಂದಿಳಿದು ಅದು ಶುರುವಾದದ್ದು.

ನೆಲೆ ಇಷ್ಟು ಮುಖ್ಯ ಆದ್ದರಿಂದ ಶತ್ರು ಮೊದಲು ಹೊಡೆಯುವುದೂ ಅದಕ್ಕೇ. 1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಗೆ ನುಗ್ಗಿ ನೆಲದಲ್ಲಿ ನಿಂತಿದ್ದ ನಮ್ಮ ಸುಮಾರು 10 ವಿಮಾನಗಳನ್ನು ಸುಟ್ಟವು. ಮರುದಿನ ನಮ್ಮವರು ಅವರ ಸರ್ಗೋಧ ನೆಲೆಗೆ ಹೋದರು. ಅದರಲ್ಲಿ ನಮ್ಮ ಸುಳ್ಯದ ಪಕ್ಕದ ಕೊಡಗಿನವರಾದ ಅಜ್ಜಮಾಡ ಬೋಪಯ್ಯ ದೇವಯ್ಯನವರು ಇದ್ದರು. ಬೇರೆ ವಿಮಾನ ಕೈಕೊಟ್ಟರೆ ಇರಲಿ ಎಂದು ಬದಲಿಗೆ ಇಟ್ಟಿದ್ದ ವಿಮಾನ ಅವರದ್ದು. ಅವರು ತಮಗಿಂತ ವೇಗದ ವಿಮಾನದ ಜೊತೆ ಹೋರಾಡಿದರು, ವಾಪಸು ಬರಲಿಲ್ಲ. 1988ರಲ್ಲಿ, ಎಂದರೆ 23 ವರ್ಷ ಆದ ಮೇಲೆ, ಅವರಿಗೆ ಮಹಾವೀರ ಚಕ್ರ ಕೊಟ್ಟರು.

1971ರ ಡಿಸೆಂಬರಿನಲ್ಲಿ ಗುಜರಾತಿನ ಭುಜ್ ನೆಲೆಯ ರನ್‌ವೇಗೆ ಬಾಂಬು ಬಿದ್ದು ಹೊಂಡ ಆಯಿತು. ನನ್ನ ಆಟದ ಹಾಗೆಯೇ. ಸರಿ ಮಾಡ್ಲಿಕ್ಕೆ ಸಾಕಷ್ಟು ಕೆಲಸಗಾರರಿಲ್ಲ. ಆಗ ಪಕ್ಕದ ಮಾಧಾಪರ್ ಹಳ್ಳಿಯ ಸುಮಾರು 300 ಹೆಂಗಸರು ಬಂದು 72 ಗಂಟೆಗಳಲ್ಲಿ ರನ್‌ವೇ ರಿಪೇರಿ ಮಾಡಿದರು. ಸೈರನ್ ಆದಾಗ ಓಡಿ ಪೊದೆಯಲ್ಲಿ ಅಡಗುವುದು, ನಿಂತ ಮೇಲೆ ಮತ್ತೆ ಕಲ್ಲು ಗಾರೆ ಹೊರುವುದು. ನೆಲೆಯ ಮುಖ್ಯಸ್ಥರಾಗಿದ್ದವರು ಸ್ಕ್ವಾಡ್ರನ್ ಲೀಡರ್ ವಿಜಯ ಕಾರ್ಣಿಕ್. ನಾನು ಇದನ್ನು ಮನೆಯಲ್ಲಿ ಓದಿ ಹೇಳಿದಾಗ ಅಜ್ಜಿ, "ಅವರ ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಂಡರಂತೆ?" ಎಂದು ಕೇಳಿದರು. ಪುಸ್ತಕದಲ್ಲಿ ಅದು ಇರಲಿಲ್ಲ.

ಈಗ ಆಗ ಬಿಟ್ಟ ವಿಷಯ. ನನ್ನ ಅಣ್ಣ ಪೈಲಟ್ ಅಲ್ಲ. ಅವನು ಏರ್‌ಮನ್. ಪಿ.ಯು.ಸಿ. ಆದ ಮೇಲೆ ಪರೀಕ್ಷೆ ಬರೆದು ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಪಡೆದು ಈಗ ವಿಮಾನದ ಎಂಜಿನಿನ ಕೆಲಸ ಮಾಡುತ್ತಾನೆ. ಐದನೆಯ ತರಗತಿಯಲ್ಲಿದ್ದಾಗ ನಾನು ನಿಮಗೆಲ್ಲ ಅವನು ವಿಮಾನ ಹಾರಿಸುತ್ತಾನೆ ಎಂದು ಹೇಳಿದ್ದೆ. ಅದು ಸುಳ್ಳು. ಒಮ್ಮೆ ಒಂದು ಮದುವೆ ಮನೆಯಲ್ಲಿ ಯಾರೋ ಅವನನ್ನು, "ಹಾರಿಸುವುದಾ, ತೊಳೆಯುವುದಾ?" ಎಂದು ಕುಶಾಲು ಮಾಡಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನೂ ನಕ್ಕ, ಆದರೆ ಊಟಕ್ಕೆ ಕೂರಲಿಲ್ಲ. ಆಮೇಲೆ ನನಗೆ ಶಾಲೆಯಲ್ಲಿ ನಿಜ ಹೇಳಲು ನಾಚಿಕೆ ಆಯಿತು.

ಚೌತಿಯ ರಾತ್ರಿ ನಾನು ಇದನ್ನು ಅವನಿಗೆ ಹೇಳಿಬಿಟ್ಟೆ. ಅವನು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಇದ್ದು, "ನಾನು ಪುಸ್ತಕದಲ್ಲಿ ರುಜು ಹಾಕಿದ ಮೇಲೆ ವಿಮಾನ ಹೋಗ್ತದೆ. ಅದು ವಾಪಸು ಬರುವ ತನಕ ನನಗೆ ಚಾ ಕುಡಿದರೂ ರುಚಿ ಗೊತ್ತಾಗುವುದಿಲ್ಲ" ಎಂದ. ಎಲ್ಲಿ, ಯಾವ ವಿಮಾನ ಎಂದು ಕೇಳಿದ್ದಕ್ಕೆ, "ಅದೆಲ್ಲ ಹೇಳ್ಲಿಕ್ಕಿಲ್ಲ" ಎಂದು ಮಲಗಿದ. ಈ ಲೇಖನ ಬರೆಯಲು ಅವನ ಒಪ್ಪಿಗೆ ಕೇಳಿದ್ದೇನೆ. ಹೆಸರು ಹಾಕಬೇಡ ಎಂದಿದ್ದಾನೆ.

ಪಕ್ಕದಲ್ಲಿ ಇರುವ ಚಿತ್ರ ಬಿಡಿಸಿದ್ದು ನನ್ನನ್ನು ಸೋಲಿಸಿದ ಅದೇ ಎದುರಾಳಿ. ವಿಮಾನದ ರೆಕ್ಕೆ ಸ್ವಲ್ಪ ಉದ್ದ ಆಗಿದೆ, ಕೆಳಗೆ ಟಯರು ನೋಡುತ್ತಾ ಕೂತವರನ್ನು ಚಂದ ಬಿಡಿಸಿದ್ದಾನೆ.

ಸೋಮವಾರದಿಂದ ಆಟಕ್ಕೆ ಹೊಸ ನಿಯಮ. ರನ್‌ವೇ ಹಾಳಾದರೆ ಮೂರು ಸರದಿಯಲ್ಲಿ ರಿಪೇರಿ ಮಾಡಬಹುದು, ಆದರೆ ಅದಕ್ಕೆ ಹಳ್ಳಿ ಎಂಬ ಚೌಕ ಪಕ್ಕದಲ್ಲಿ ಇರಬೇಕು. ಡಿಪೋಗೆ 25 ರೂಪಾಯಿ, ಅದನ್ನು ಗಡಿಯಿಂದ 6 ಚೌಕಕ್ಕಿಂತ ದೂರ ಇಡಬೇಕು. ಆಟಕ್ಕೆ ಬರುವವರು ಚೌಕುಳಿ ಪುಸ್ತಕ ತರಬೇಕು. ಪೆನ್ಸಿಲ್ ನಾನು ಕೊಡುವುದಿಲ್ಲ.